ಅಮೆರಿಕದ ಚಿತ್ರಕಥಾ ಪುಸ್ತಕಗಳಲ್ಲಿ ಕಪ್ಪುಜನಾಂಗದ ವೀರಾಂಗನೆ: ಪ್ರಾಥಮ್ಯದ ಪ್ರಶ್ನೆ

ಅಮೆರಿಕ ಸಂಯುಕ್ತ ಸಂಸ್ಥಾನಗಳ ಚಿತ್ರಕಥಾ ಪುಸ್ತಕಗಳಲ್ಲಿ, ಎಂದರೆ ಜನರು ಸಾಮಾನ್ಯವಾಗಿ ಕಾಮಿಕ್ಸ್ ಎಂದು ಕರೆಯುವ ಅಗ್ಗದ ಸಂಚಿಕೆಗಳಲ್ಲಿ, ಮೊತ್ತಮೊದಲು ಕಾಣಿಸಿಕೊಂಡ ಕಪ್ಪುಜನಾಂಗದ ಅತಿಮಾನವ ವೀರಾಂಗನೆ ಯಾರು ಎಂಬ ಪ್ರಶ್ನೆಗೆ ಮೂರು ಉತ್ತರಗಳು ಪ್ರಚಾರದಲ್ಲಿವೆ. 1971ರ ಬಟರ್‌ಫ್ಲೈ ಎಂಬುದೊಂದು, 1973ರ ನೂಬಿಯಾ ಎಂಬುದೊಂದು, 1975ರ ಸ್ಟಾರ್ಮ್ ಎಂಬುದೊಂದು. ಬರಿಯ ಕಾಲಾನುಕ್ರಮವನ್ನು ಮುಂದಿಟ್ಟುಕೊಂಡರೆ ಇಲ್ಲಿ ವಾದಕ್ಕೆ ಎಡೆಯೇ ಇಲ್ಲ. ಆದರೂ ಜನರ ನೆನಪಿನಲ್ಲಿ ಬೇರೂರಿರುವುದು ಮೂರನೆಯ ಹೆಸರೇ. ಇದು ಓದುಗರ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ; ಆದರೆ ನಮಗೆ ಅದು ಸಮಂಜಸವಾಗಿ ತೋರುವುದಿಲ್ಲ. ‘ಮೊದಲು’ ಎಂಬ ಒಂದೇ ಮಾತಿನಲ್ಲಿ ಹುಟ್ಟಿನ ಪ್ರಶ್ನೆ, ಉಳಿವಿನ ಪ್ರಶ್ನೆ, ಅಧಿಕಾರದ ಪ್ರಶ್ನೆ ಇವೆಲ್ಲವೂ ಕಲೆತುಹೋಗಿವೆ. ಇವನ್ನು ಬಿಡಿಸಿ ನೋಡುವುದೂ, ಇವುಗಳ ಹಿಂದೆ ನಿಂತಿರುವ ಮತ್ತೊಂದು ಪ್ರಶ್ನೆಯನ್ನು, ಎಂದರೆ ಲೇಖನಿ ಯಾರ ಕೈಯಲ್ಲಿತ್ತು ಎಂಬುದನ್ನು, ಮುಂದಕ್ಕೆ ತರುವುದೂ ಪ್ರಸ್ತುತ ಲೇಖನದ ಉದ್ದೇಶ.

ಇಂಥ ವಸ್ತು ಇತಿಹಾಸ ವಿಭಾಗದ ಪತ್ರಿಕೆಗೆ ತಕ್ಕುದೇ ಎಂದು ಕೆಲವರು ಹುಬ್ಬೇರಿಸಬಹುದು. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ ಎಂದು ಅಂತಸ್ತು ಅಂತಸ್ತಾಗಿ ಕಡೆದ ವೀರಗಲ್ಲನ್ನು ಆಕರವೆಂದು ಓದುವವರು ನಾವು. ಒಂದು ಊರು ಯಾರನ್ನು ವೀರನೆಂದು ಒಪ್ಪಿತು, ಯಾರನ್ನು ಒಪ್ಪಲಿಲ್ಲ ಎಂಬುದನ್ನು ಆ ಕಲ್ಲು ಹೇಳುತ್ತದೆ. ಚೌಕಚೌಕವಾಗಿ ಚಿತ್ರ ಬರೆದು, ಒರಟು ಕಾಗದದ ಮೇಲೆ ಅಚ್ಚುಹಾಕಿ ಮಕ್ಕಳಿಗೆ ಮಾರಿದ ಈ ಪುಸ್ತಕಗಳೂ ಅದೇ ಬಗೆಯ ಸಾಕ್ಷ್ಯವನ್ನು ನುಡಿಯುತ್ತವೆ. ಕಲ್ಲಿಗಿರುವ ಆಯುಷ್ಯ ಕಾಗದಕ್ಕಿಲ್ಲ ಎಂಬುದೊಂದೇ ಕೊರತೆ.

ಕಾಲನಿರ್ಣಯದ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಪುಸ್ತಕಗಳ ಮುಖಪುಟದ ಮೇಲೆ ಅಚ್ಚಾದ ತಿಂಗಳಿಗಿಂತ ಎರಡು ಮೂರು ತಿಂಗಳು ಮುಂಚೆಯೇ ಅವು ಅಂಗಡಿಗೆ ಬರುತ್ತಿದ್ದವು. ಹಳೆಯದೆಂದು ಕಂಡ ಸಂಚಿಕೆಯನ್ನು ವ್ಯಾಪಾರಿಯು ಬೇಗನೆ ಹಿಂದಿರುಗಿಸದಿರಲಿ ಎಂದು ಪ್ರಕಾಶಕರು ಮಾಡಿಕೊಂಡಿದ್ದ ಉಪಾಯವದು. ಶಾಸನಗಳಲ್ಲಿ ಗತ ಶಕವರ್ಷವೋ ವರ್ತಮಾನ ಶಕವರ್ಷವೋ ಎಂದು ನಾವು ತೊಡಕಿಗೆ ಸಿಕ್ಕುವಂತೆಯೇ ಇಲ್ಲಿಯೂ ಆಗುವುದುಂಟು. ಮುಂದೆ ನಾವು ಕೊಡುವ ತಿಂಗಳುಗಳೆಲ್ಲ ಮುಖಪುಟದ ತಿಂಗಳುಗಳೆಂದು ವಾಚಕರು ತಿಳಿಯತಕ್ಕದ್ದು.

ಮೊದಲಿಗೆ ಹಿನ್ನೆಲೆ. ಕಪ್ಪುಜನಾಂಗದ ಸ್ತ್ರೀಯನ್ನು ನಾಯಕಿಯನ್ನಾಗಿ ಮಾಡಿ, ಅದೇ ಜನಾಂಗದ ಸ್ತ್ರೀಯೊಬ್ಬಳು ಚಿತ್ರಕಥೆ ಬರೆದದ್ದು 1937ರಷ್ಟು ಹಿಂದೆ. ಪೆನ್ಸಿಲ್ವೇನಿಯಾ ಸಂಸ್ಥಾನದಲ್ಲಿ 1911ರಲ್ಲಿ ಹುಟ್ಟಿದ ಜ್ಯಾಕಿ ಓರ್ಮ್ಸ್ ಎಂಬಾಕೆಯ ಟಾರ್ಚಿ ಬ್ರೌನ್ ಎಂಬ ಪಾತ್ರವು ಆ ವರ್ಷದ ಮೇ 1ರಂದು ‘ಪಿಟ್ಸ್‌ಬರ್ಗ್ ಕೊರಿಯರ್’ ಪತ್ರಿಕೆಯಲ್ಲಿ ಕಾಣಿಸಿಕೊಂಡಿತು. ದಕ್ಷಿಣದ ಮಿಸಿಸಿಪಿಯಿಂದ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಗೆ ಬಂದು ಹಾಡು ಕುಣಿತಗಳಿಂದ ಹೆಸರು ಮಾಡುವ ತರುಣಿಯ ಕಥೆ ಅದು. ‘ಕೊರಿಯರ್’ ಕಪ್ಪುಜನಾಂಗದವರೇ ನಡೆಸಿ ಓದುತ್ತಿದ್ದ, ದೇಶದುದ್ದಗಲಕ್ಕೂ ಹೋಗುತ್ತಿದ್ದ ವಾರಪತ್ರಿಕೆ. ಅದೇ ಪಾತ್ರವನ್ನು 1950ರಿಂದ 1954ರವರೆಗೆ ಓರ್ಮ್ಸ್ ಮತ್ತೆ ಬರೆದಳು. ಆಗ ವರ್ಣಭೇದವೂ ಕಾರ್ಖಾನೆಯ ವಿಷದಿಂದ ಊರು ಕೆಡುವುದೂ ಕಥೆಯೊಳಕ್ಕೆ ಬಂದವು. ಟಾರ್ಚಿಗೆ ಅತಿಮಾನವ ಶಕ್ತಿಯೇನೂ ಇರಲಿಲ್ಲ. ಆದಕಾರಣ ಆಕೆ ನಮ್ಮ ಪ್ರಶ್ನೆಗೆ ನೇರವಾದ ಉತ್ತರವಲ್ಲ. ಆದರೆ ಬರೆಯಬಲ್ಲ ಕೈ ಇರಲಿಲ್ಲ ಎಂಬ ಮಾತನ್ನು ಮುಂದೆ ಯಾರೂ ಹೇಳಲಾಗದಂತೆ ಆಕೆಯ ಕೃತಿ ಸಾಕ್ಷಿಯಾಗಿ ನಿಂತಿದೆ. ಇಲ್ಲದ್ದು ಕೈಯಲ್ಲ, ಬಾಗಿಲು.

ಪುಸ್ತಕದ ರೂಪದಲ್ಲಿ ಇಂಥ ಪ್ರಯತ್ನ ನಡೆದಾಗ ಏನಾಯಿತೆಂಬುದಕ್ಕೆ 1947ರ ಜೂನ್ ತಿಂಗಳ ‘ಆಲ್-ನೀಗ್ರೋ ಕಾಮಿಕ್ಸ್’ ಉದಾಹರಣೆ. ಫಿಲಡೆಲ್ಫಿಯಾದ ಪತ್ರಕರ್ತ ಓರಿನ್ ಎವನ್ಸ್ ಪ್ರಕಟಿಸಿದ ಈ ಪುಸ್ತಕದ ಲೇಖಕರೂ ಚಿತ್ರಕಾರರೂ ಕಪ್ಪುಜನಾಂಗದವರೇ. ಎರಡನೆಯ ಸಂಚಿಕೆ ಸಿದ್ಧವಾದಾಗ ಆತನಿಗೆ ಕಾಗದ ಮಾರುವವರು ಸಿಕ್ಕಲಿಲ್ಲ. ಅಲ್ಲಿಗೆ ಅದು ಮುಗಿಯಿತು. ಮುಂದೆ 1954ರಲ್ಲಿ ಪ್ರಕಾಶಕರು ತಮ್ಮ ಮೇಲೆ ತಾವೇ ಹೇರಿಕೊಂಡ ಕಾಮಿಕ್ಸ್ ನಿಯಮಾವಳಿ ಬಂದಿತು. ಇದರ ಅಧಿಕಾರಿ ಹೇಗೆ ವರ್ತಿಸುತ್ತಿದ್ದನೆಂಬುದಕ್ಕೆ 1956ರ ಪ್ರಕರಣವೊಂದು ಸಾಕು. ‘ಜಡ್ಜ್‌ಮೆಂಟ್ ಡೇ’ ಎಂಬ ಕಥೆಯ ಕೊನೆಯ ಚೌಕದಲ್ಲಿ ಗಗನಯಾತ್ರಿಯು ತನ್ನ ಶಿರಸ್ತ್ರಾಣವನ್ನು ತೆಗೆಯುತ್ತಾನೆ. ಆತ ಕಪ್ಪುಜನಾಂಗದವನೆಂದು ಓದುಗನಿಗೆ ಆಗ ತಿಳಿಯುತ್ತದೆ. 1953ರಲ್ಲಿ ಮೊದಲು ಅಚ್ಚಾಗಿದ್ದ ಈ ಕಥೆಯನ್ನು ಮರುಮುದ್ರಿಸಹೊರಟಾಗ, ಗಗನಯಾತ್ರಿಯ ಮೈಬಣ್ಣವನ್ನು ಬದಲಿಸಬೇಕೆಂದು ನಿಯಮಾವಳಿಯ ಅಧಿಕಾರಿ ಪಟ್ಟುಹಿಡಿದ. ಪ್ರಕಾಶಕ ವಿಲಿಯಮ್ ಗೇನ್ಸ್ ಒಪ್ಪದೆ ಇದ್ದುದರಿಂದ ಚಿತ್ರ ಇದ್ದಂತೆಯೇ ಅಚ್ಚಾಯಿತು. ಆದರೆ ಆ ಸಂಚಿಕೆಯೇ ಆತನ ಸಂಸ್ಥೆಯ ಕಾಮಿಕ್ ಪುಸ್ತಕಗಳಲ್ಲಿ ಕಡೆಯದಾಯಿತು.

ಪುರುಷಪಾತ್ರಗಳಿಗೆ ದಾರಿ ತೆರೆದದ್ದು 1966ರಲ್ಲಿ. ಆ ವರ್ಷ ಮಾರ್ವೆಲ್ ಸಂಸ್ಥೆಯ ಬ್ಲ್ಯಾಕ್ ಪ್ಯಾಂಥರ್, 1969ರಲ್ಲಿ ಫಾಲ್ಕನ್, 1972ರಲ್ಲಿ ಸ್ವಂತ ಪುಸ್ತಕವನ್ನೇ ಪಡೆದ ಲ್ಯೂಕ್ ಕೇಜ್ ಹೀಗೆ ಒಬ್ಬರಾದ ಮೇಲೊಬ್ಬರು ಬಂದರು. ಹೊರಗೆ 1965ರ ಮತಾಧಿಕಾರ ಶಾಸನ ಜಾರಿಗೆ ಬಂದಿತ್ತು. 1968ರಲ್ಲಿ ಷರ್ಲಿ ಚಿಸಮ್ ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಕಪ್ಪುಜನಾಂಗದ ಮಹಿಳೆಯಾದಳು. 1972ರಲ್ಲಿ ಆಕೆ ಅಧ್ಯಕ್ಷಪದವಿಗೇ ಸ್ಪರ್ಧಿಸಿದಳು. ಒಂದೇ ಕಾಲದಲ್ಲಿ ನಡೆದವೆಲ್ಲ ಒಂದಕ್ಕೊಂದು ಕಾರಣವೆಂದು ನಾವು ಹೇಳುವವರಲ್ಲ. ರಾಷ್ಟ್ರದ ಸಭೆಗೆ ಹೋದ ಸ್ತ್ರೀಗೆ ಮಕ್ಕಳ ಪುಸ್ತಕದಲ್ಲಿ ಇನ್ನೂ ಪ್ರವೇಶವಿರಲಿಲ್ಲ ಎಂಬಷ್ಟನ್ನು ಮಾತ್ರ ಗುರುತಿಸುತ್ತೇವೆ.

ಬಟರ್‌ಫ್ಲೈ ಬಂದದ್ದು ಹಿಂದಿನ ಬಾಗಿಲಿನಿಂದ. ಸ್ಕೈವಾಲ್ಡ್ ಎಂಬ ಸಣ್ಣ ಸಂಸ್ಥೆ 1971ರಲ್ಲಿ ‘ಹೆಲ್-ರೈಡರ್’ ಎಂಬ ಕಪ್ಪುಬಿಳುಪಿನ ನಿಯತಕಾಲಿಕವನ್ನು ಹೊರಡಿಸಿತು. ದೊಡ್ಡ ಆಕಾರದ ಇಂಥ ಕಪ್ಪುಬಿಳುಪಿನ ನಿಯತಕಾಲಿಕಗಳು ಮೇಲೆ ಹೇಳಿದ ನಿಯಮಾವಳಿಯ ಕೈಗೆ ಸಿಕ್ಕುತ್ತಿರಲಿಲ್ಲ. ಮೋಟಾರ್ ಸೈಕಲ್ ಸವಾರನೊಬ್ಬನ ಸಾಹಸಗಳೇ ಮುಖ್ಯವಾಗಿದ್ದ ಆ ಪತ್ರಿಕೆಯ ಒಳಪುಟಗಳಲ್ಲಿ ಗ್ಯಾರಿ ಫ್ರೆಡ್ರಿಕ್ ಬರೆದ ಬಟರ್‌ಫ್ಲೈಗೆ ಒಂದಿಷ್ಟು ಜಾಗ ದೊರೆಯಿತು. ಲಾಸ್ ವೇಗಾಸಿನ ಗಾಯಕಿ ಮೇರಿಯನ್ ಮೈಕಲ್ಸ್ ರೆಕ್ಕೆಯ ಉಡುಪು ತೊಟ್ಟು ಹಾರುವಾಕೆ. ‘ಹೆಲ್-ರೈಡರ್’ ಎರಡು ಸಂಚಿಕೆಗಳಿಗೆ ನಿಂತುಹೋಯಿತು, ಅದರೊಂದಿಗೆ ಬಟರ್‌ಫ್ಲೈಯೂ. ಹುಟ್ಟಿನ ಪ್ರಾಥಮ್ಯ ಈಕೆಯದೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ಎರಡು ಸಂಚಿಕೆಗಳ ಆಯುಷ್ಯದಲ್ಲಿ ಪರಂಪರೆ ಬೆಳೆಯುವುದಿಲ್ಲ. ಮುಂದೆ ಬಂದವರಾರೂ ಆಕೆಯ ಹೆಜ್ಜೆಯನ್ನು ನೋಡಿ ನಡೆದವರಲ್ಲ.

ನೂಬಿಯಾಳ ವಿಷಯ ಬೇರೆ. ಆಕೆ ಕಾಣಿಸಿಕೊಂಡದ್ದು ಅಮೆರಿಕದ ಅತ್ಯಂತ ಪ್ರಸಿದ್ಧ ವೀರಾಂಗನೆಯ ಪುಸ್ತಕದಲ್ಲಿಯೇ, ಡಿ.ಸಿ. ಸಂಸ್ಥೆಯ ‘ವಂಡರ್ ವುಮನ್’ 204ನೆಯ ಸಂಚಿಕೆಯಲ್ಲಿ, 1973ರ ಜನವರಿ-ಫೆಬ್ರವರಿಯಲ್ಲಿ. ಬರೆದವನು ರಾಬರ್ಟ್ ಕ್ಯಾನಿಗರ್, ಚಿತ್ರಿಸಿದವನು ಡಾನ್ ಹೆಕ್. ಕವಚ ತೊಟ್ಟು ಬಂದ ಯೋಧೆಯೊಬ್ಬಳು ವಂಡರ್ ವುಮನ್ ಎಂಬ ಬಿರುದು ತನ್ನದೆಂದು ಸವಾಲು ಹಾಕುತ್ತಾಳೆ. ಆಕೆಯ ಜನ್ಮವೃತ್ತಾಂತ 206ನೆಯ ಸಂಚಿಕೆಯಲ್ಲಿ ಬರುತ್ತದೆ. ರಾಣಿ ಹಿಪೊಲಿಟಾ ಒಂದಲ್ಲ, ಎರಡು ಶಿಶುಗಳನ್ನು ಮಣ್ಣಿನಲ್ಲಿ ಮಾಡಿದ್ದಳಂತೆ, ಒಂದು ಬಿಳಿಮಣ್ಣಿನದು, ಒಂದು ಕರಿಮಣ್ಣಿನದು. ಕರಿಮಣ್ಣಿನ ಶಿಶುವನ್ನು ಯುದ್ಧದೇವತೆ ಮಾರ್ಸ್ ಅಪಹರಿಸಿದ. ಸಿಂಹಾಸನದ ಸಮಾನ ಹಕ್ಕುಳ್ಳ ಅವಳಿ ಸೋದರಿ, ಕದ್ದೊಯ್ಯಲ್ಪಟ್ಟವಳು, ಬಿರುದನ್ನು ಕೇಳಲು ಬಂದವಳು: ಇದಕ್ಕಿಂತ ಸಮರ್ಥವಾದ ಕಥಾಬೀಜ ಆ ದಶಕದಲ್ಲಿ ಬೇರೊಂದಿರಲಿಲ್ಲವೆಂದು ನಮ್ಮ ಅಭಿಪ್ರಾಯ. ಬಿತ್ತಿದವರೇ ಅದಕ್ಕೆ ನೀರು ಹೊಯ್ಯಲಿಲ್ಲ. ಮೂರು ಸಂಚಿಕೆಗಳಾದ ಮೇಲೆ ಅಲ್ಲೊಂದು ಇಲ್ಲೊಂದು ಕಡೆ ಮುಖ ತೋರಿಸಿ ಆಕೆ ಬಹುಕಾಲ ಮರೆಯಾದಳು. ದೂರದರ್ಶನದ ವಂಡರ್ ವುಮನ್ ಮಾಲೆಯ ಜನಪ್ರಿಯತೆಯ ಕಾಲದಲ್ಲಿ ಮೇಗೊ ಎಂಬ ಆಟಿಕೆ ಸಂಸ್ಥೆ ನೂಬಿಯಾಳ ಗೊಂಬೆಯನ್ನು ಮಾರಿತು. ಪುಟಗಳಲ್ಲಿ ಸ್ಥಾನವಿಲ್ಲದ ಪಾತ್ರ ಅಂಗಡಿಯ ಕಪಾಟಿನಲ್ಲಿತ್ತು!

ಇನ್ನು ಸ್ಟಾರ್ಮ್. ಮಾರ್ವೆಲ್ ಸಂಸ್ಥೆಯ ‘ಎಕ್ಸ್-ಮೆನ್’ ಎಂಬ ಮಾಲೆ 1963ರಲ್ಲಿ ಆರಂಭವಾಗಿ, ವ್ಯಾಪಾರ ಕುಗ್ಗಿದ್ದರಿಂದ 1970ರಲ್ಲಿ ಹೊಸ ಕಥೆಗಳನ್ನು ನಿಲ್ಲಿಸಿತ್ತು. ಅಲ್ಲಿಂದ ಮುಂದೆ ಹಳೆಯವನ್ನೇ ಮರುಮುದ್ರಿಸುತ್ತಿದ್ದರು. ಇದನ್ನು ಎತ್ತಿನಿಲ್ಲಿಸಲು 1975ರ ಮೇ ತಿಂಗಳಲ್ಲಿ ‘ಜೈಂಟ್-ಸೈಜ್ ಎಕ್ಸ್-ಮೆನ್’ ಎಂಬ ದಪ್ಪ ಪುಸ್ತಕ ಹೊರಬಿತ್ತು. ಲೇಖಕ ಲೆನ್ ವೀನ್, ಚಿತ್ರಕಾರ ಡೇವ್ ಕಾಕ್ರಮ್. ಹೊಸ ತಂಡದಲ್ಲಿ ಜರ್ಮನಿ, ಸೋವಿಯತ್ ರಷ್ಯ, ಕೆನಡ, ಜಪಾನ್, ಐರ್ಲೆಂಡ್ ದೇಶಗಳವರೂ ಅಮೆರಿಕದ ಮೂಲನಿವಾಸಿ ಅಪಾಚೆಯೊಬ್ಬನೂ ಇದ್ದರು. ಬೇರೆಬೇರೆ ದೇಶದವರನ್ನು ಕೂಡಿಸಿದರೆ ಪುಸ್ತಕವನ್ನು ಆ ದೇಶಗಳಲ್ಲಿ ಮಾರಬಹುದೆಂಬ ಲೆಕ್ಕಾಚಾರವೂ ಇತ್ತೆಂದು ಸಂಪಾದಕನಾಗಿದ್ದ ರಾಯ್ ಥಾಮಸ್ ಮುಂದೆ ಹೇಳಿಕೊಂಡಿದ್ದಾನೆ. ಆದರ್ಶಕ್ಕಿಂತ ಮಾರುಕಟ್ಟೆ ಮುಂದಾಗಿತ್ತೆಂಬುದರಲ್ಲಿ ಬೇಸರಪಡುವಂಥದ್ದೇನೂ ಇಲ್ಲ. ಎಷ್ಟೋ ಸುಧಾರಣೆಗಳು ಹಾಗೆಯೇ ಬಂದಿವೆ.

ಕಾಕ್ರಮ್ ಈ ಪಾತ್ರವನ್ನು ಏಕಾಏಕಿ ಕಲ್ಪಿಸಿದವನಲ್ಲ. ಬೆಕ್ಕಿನ ಸ್ವಭಾವದ ಕಪ್ಪುಜನಾಂಗದ ಯುವತಿಯೊಬ್ಬಳ ರೂಪವನ್ನು ಆತ ಬರೆದಿಟ್ಟಿದ್ದ. ಅಷ್ಟರಲ್ಲಿ ಬೆಕ್ಕಿನ ವೇಷದ ಪಾತ್ರಗಳು ಬೇರೆ ಕಡೆ ಹೆಚ್ಚಾಗಿ ಬಂದುಬಿಟ್ಟಿದ್ದರಿಂದ, ಟೈಫೂನ್ ಎಂಬ ಇನ್ನೊಂದು ಪುರುಷಪಾತ್ರಕ್ಕೆ ಯೋಚಿಸಿದ್ದ ಗಾಳಿಮಳೆಗಳ ಶಕ್ತಿಯನ್ನು ಆ ರೂಪಕ್ಕೆ ಕೊಟ್ಟು, ಉದ್ದನೆಯ ಬಿಳಿಗೂದಲನ್ನು ಸೇರಿಸಿದರು. ಅಜ್ಜಿಯಂತೆ ಕಂಡಾಳೆಂಬ ಅಳುಕು ಆಗ ಇತ್ತಂತೆ. ಹೀಗೆ ಓರೊರೊ ಮನ್ರೊ ಹುಟ್ಟಿದಳು: ಕಪ್ಪು ಮೈ, ಬಿಳಿ ಕೂದಲು, ನೀಲಿ ಕಣ್ಣು. ಮೊದಲ ದೃಶ್ಯ ಕೀನ್ಯದಲ್ಲಿ. ಬರದಿಂದ ಬಳಲಿದ ಜನ ಆಕೆಯನ್ನು ದೇವಿಯೆಂದು ಪೂಜಿಸುತ್ತಾರೆ, ಆಕೆ ಮಳೆ ಕರೆಯುತ್ತಾಳೆ. ಆಗ ಬಿಳಿಯ ಪ್ರಾಧ್ಯಾಪಕ ಜೇವಿಯರ್ ಬಂದು, ನೀನು ದೇವಿಯಲ್ಲ, ಜನ್ಮತಃ ವಿಶೇಷ ಶಕ್ತಿ ಪಡೆದ ಮಾನವಳು, ನಿನಗೆ ಲೋಕದ ಹೊಣೆಯಿದೆ ಎಂಬರ್ಥದ ಮಾತನಾಡಿ ತನ್ನೊಡನೆ ಕರೆದೊಯ್ಯುತ್ತಾನೆ.

ಈ ದೃಶ್ಯದ ಮೇಲೆ ನಾವು ಸ್ವಲ್ಪ ಹೊತ್ತು ನಿಲ್ಲಬೇಕು. ಹಾರ್ಲೆಮಿನಲ್ಲೋ ಷಿಕಾಗೋದಲ್ಲೋ ಪ್ರತಿದಿನ ಬಸ್ಸು ಹತ್ತಿ ಕೆಲಸಕ್ಕೆ ಹೋಗುವ ಕಪ್ಪುಜನಾಂಗದ ಹೆಂಗಸನ್ನು ವೀರಾಂಗನೆಯಾಗಿ ಕಲ್ಪಿಸುವುದು ಆ ಲೇಖಕರಿಗೆ ಸುಲಭವಾಗಿ ಒದಗಲಿಲ್ಲ. ಆಕೆ ದೂರದವಳಾಗಬೇಕಾಯಿತು, ದೇವಿಯಾಗಬೇಕಾಯಿತು. ಪೀಠದ ಮೇಲೆ ಕೂರಿಸುವುದೂ ಪಂಕ್ತಿಯಿಂದ ಹೊರಗಿಡುವ ಒಂದು ಬಗೆಯೆಂಬುದು ನಮ್ಮ ನಾಡಿನವರಿಗೆ ಹೊಸ ಮಾತಲ್ಲ. ಪೂಜೆಯಿಂದ ಆಕೆಯನ್ನು ಕೆಳಗಿಳಿಸುವ ಅಧಿಕಾರವೂ ಬಿಳಿಯ ಗುರುವಿನದೇ ಎಂಬುದನ್ನು ಇದಕ್ಕೆ ಸೇರಿಸಿ ನೋಡಿದರೆ, ಆರಂಭದ ಸ್ಟಾರ್ಮ್ ಮುಕ್ತಿಯ ಸಂಕೇತವೆಂದು ಹೊಗಳುವವರ ಮಾತು ಅರ್ಧ ಮಾತ್ರ ನಿಲ್ಲುತ್ತದೆ.

ಉಳಿದರ್ಧವನ್ನು ತುಂಬಿದವನು ಕ್ರಿಸ್ ಕ್ಲೇರ್‌ಮಾಂಟ್. ಲಂಡನ್ನಿನಲ್ಲಿ ಹುಟ್ಟಿದ ಈತ 1975ರಲ್ಲಿ ಮಾಲೆಯನ್ನು ಕೈಗೆತ್ತಿಕೊಂಡು 1991ರವರೆಗೆ ಬಿಡದೆ ಬರೆದ. 1976ರ ಡಿಸೆಂಬರಿನ 102ನೆಯ ಸಂಚಿಕೆಯಲ್ಲಿ ಓರೊರೊಳ ಪೂರ್ವವೃತ್ತಾಂತ ಬಂದಿತು. ತಂದೆ ಹಾರ್ಲೆಮಿನ ಪತ್ರಿಕಾ ಛಾಯಾಗ್ರಾಹಕ, ತಾಯಿ ಕೀನ್ಯದ ರಾಜಕುಮಾರಿ. ಹುಟ್ಟಿದ್ದು ನ್ಯೂಯಾರ್ಕಿನಲ್ಲಿ, ಬೆಳೆದದ್ದು ಕೈರೋದಲ್ಲಿ. 1956ರ ಸೂಯೆಜ್ ಯುದ್ಧದಲ್ಲಿ ವಿಮಾನವೊಂದು ಮನೆಯ ಮೇಲೆ ಬಿದ್ದು ತಂದೆತಾಯಿಗಳು ಸತ್ತರು. ಮಗು ತಾಯಿಯ ಶವದ ಬಳಿ ಅವಶೇಷಗಳಡಿ ಸಿಕ್ಕಿಕೊಂಡಿತು. ಇಕ್ಕಟ್ಟಾದ ಜಾಗದ ಭಯ ಆಕೆಯನ್ನು ಅಲ್ಲಿಂದ ಬಿಡಲಿಲ್ಲ. ಹೀಗೆ ಕಾಲಾತೀತವಾಗಿದ್ದ ದೇವಿಗೆ ಇಸವಿ ಬಂದಿತು. ವಸಾಹತುಶಾಹಿಯ ಕಡೆಯ ದುಸ್ಸಾಹಸಗಳಲ್ಲೊಂದು ಆಕೆಯ ಬಾಳಿನ ಗಾಯವಾಯಿತು. ಇತಿಹಾಸದ ವಿದ್ಯಾರ್ಥಿಗಳಾದ ನಾವು ಇದನ್ನು ಆಕೆಯ ಎರಡನೆಯ ಜನ್ಮವೆಂದು ಎಣಿಸುತ್ತೇವೆ.

1979ರ ಜೂನ್ ತಿಂಗಳ 122ನೆಯ ಸಂಚಿಕೆ ಇದಕ್ಕಿಂತ ಮುಖ್ಯವಾದುದು. ಆದರೂ ಅದನ್ನು ನೆನೆಯುವವರು ಕಡಿಮೆ. ಅದರಲ್ಲಿ ಓರೊರೊ ತನ್ನ ತಂದೆಯ ಮನೆಯನ್ನು ಹುಡುಕಿಕೊಂಡು ಹಾರ್ಲೆಮಿಗೆ ಹೋಗುತ್ತಾಳೆ. ಮನೆ ಪಾಳುಬಿದ್ದಿದೆ. ಒಳಗೆ ಮಾದಕವಸ್ತುವಿಗೆ ದಾಸರಾದ ಎಳೆಯ ವಯಸ್ಸಿನವರು. ಅವರೇ ಆಕೆಯ ಮೇಲೆ ಬೀಳುತ್ತಾರೆ. ನೆರವಿಗೆ ಬರುವವರು ಲ್ಯೂಕ್ ಕೇಜ್ ಮತ್ತು ಮಿಸ್ಟಿ ನೈಟ್. ಮಿಸ್ಟಿ 1975ರಲ್ಲಿಯೇ ಬೇರೊಂದು ಮಾಲೆಯಲ್ಲಿ ಹೆಸರು ಪಡೆದಿದ್ದ ನ್ಯೂಯಾರ್ಕಿನ ಪತ್ತೇದಾರಿಣಿ, ಮೊದಲು ಪೊಲೀಸಿನಲ್ಲಿದ್ದವಳು, ಒಂದು ಕೈ ಯಾಂತ್ರಿಕವಾದದ್ದು. ಮಳೆ ಸುರಿಸಬಲ್ಲ ಶಕ್ತಿಯಿಂದ ಆ ಮನೆಯಲ್ಲಿ ಯಾವ ಉಪಯೋಗವೂ ಇಲ್ಲ. ದೇವಿಯು ತನ್ನ ತಂದೆಯ ಊರಿನಲ್ಲಿಯೇ ಪರಕೀಯಳಾಗಿ ನಿಂತ ಈ ಕೆಲವು ಪುಟಗಳಲ್ಲಿ, ಚಿತ್ರಕಥೆಯು ತಾನು ನಾಲ್ಕು ವರ್ಷ ದೂರವಿಟ್ಟಿದ್ದ ಬೀದಿಗೆ ಕಾಲಿಟ್ಟಿತು.

ಮುಂದಿನದು ಅಧಿಕಾರದ ಕಥೆ. 1980ರ ನವೆಂಬರಿನ 139ನೆಯ ಸಂಚಿಕೆಯ ಹೊತ್ತಿಗೆ ಸೈಕ್ಲಾಪ್ಸ್ ಎಂಬ ಹಳೆಯ ನಾಯಕ ತಂಡವನ್ನು ಬಿಟ್ಟಿದ್ದ, ಓರೊರೊ ನಾಯಕಿಯಾದಳು. 1983ರಲ್ಲಿ ನ್ಯೂಯಾರ್ಕಿನ ನೆಲದಡಿಯ ಸುರಂಗಗಳಲ್ಲಿ ಬದುಕುವ ಮಾರ್ಲಾಕ್ ಎಂಬವರ ನಾಯಕಿ ಕ್ಯಾಲಿಸ್ಟೊಳೊಡನೆ ಚೂರಿಯಿಂದ ಸೆಣಸಿ ಗೆದ್ದಳು. ಇಕ್ಕಟ್ಟಿಗೆ ಅಂಜುವ ಹೆಂಗಸು ನೆಲದಡಿಯ ಜನರ ಒಡತಿಯಾದಳು. ಅದೇ ವರ್ಷ ಬಿಳಿಯ ನೀಳಕೂದಲನ್ನು ಎರಡೂ ಕಡೆ ಬೋಳಿಸಿ ನಡುವೆ ಜುಟ್ಟು ಮಾತ್ರ ಉಳಿಸಿಕೊಂಡಳು. ದೇವಿಯ ರೂಪವನ್ನು ತಾನೇ ಕತ್ತರಿಸಿ ಹಾಕಿದಂತಾಯಿತು. 1984ರ 185ನೆಯ ಸಂಚಿಕೆಯಲ್ಲಿ ಸರಕಾರದ ಅಧಿಕಾರಿಯೊಬ್ಬ ಬೇರೊಬ್ಬಳ ಮೇಲೆ ಪ್ರಯೋಗಿಸಿದ ಆಯುಧ ಆಕೆಗೆ ತಗುಲಿ ಶಕ್ತಿಯೆಲ್ಲ ಹೋಯಿತು. ಸಾಮಾನ್ಯವಾಗಿ ಇಂಥ ಕಥೆಗಳಲ್ಲಿ ಶಕ್ತಿ ಹೋದವರು ಒಂದೆರಡು ಸಂಚಿಕೆಗಳಲ್ಲಿ ಅದನ್ನು ಮರಳಿ ಪಡೆಯುತ್ತಾರೆ. ಓರೊರೊ 1988ರವರೆಗೆ ಶಕ್ತಿಹೀನಳಾಗಿಯೇ ಉಳಿದಳು. ಹಾಗಿದ್ದಾಗಲೇ, 1986ರ ಜನವರಿಯ 201ನೆಯ ಸಂಚಿಕೆಯಲ್ಲಿ, ಮರಳಿ ಬಂದ ಸೈಕ್ಲಾಪ್ಸ್ ಮತ್ತು ಆಕೆಯ ನಡುವೆ ನಾಯಕತ್ವಕ್ಕಾಗಿ ದ್ವಂದ್ವ ನಡೆಯಿತು. ಕಣ್ಣಿನಿಂದ ಗೋಡೆ ಒಡೆಯಬಲ್ಲವನನ್ನು ಯಾವ ಶಕ್ತಿಯೂ ಇಲ್ಲದ ಹೆಂಗಸು ಬುದ್ಧಿಯಿಂದ ಗೆದ್ದಳು.

ಉಳಿವಿನ ಪ್ರಾಥಮ್ಯವೂ ಅಧಿಕಾರದ ಪ್ರಾಥಮ್ಯವೂ ಸ್ಟಾರ್ಮ್‌ಗೆ ಸಲ್ಲುವುದು ಈ ಕಾರಣದಿಂದ. ತುಲನೆಗೆ ಮೋನಿಕಾ ರ್‍ಯಾಂಬೊಳನ್ನು ನೋಡಬಹುದು. 1982ರಲ್ಲಿ ಬಂದ ಈಕೆ ನ್ಯೂ ಆರ್ಲಿಯನ್ಸಿನ ಬಂದರು ಕಾವಲಿನ ಅಧಿಕಾರಿಣಿ, ಅಪ್ಪಟ ಅಮೆರಿಕದವಳು. ದೈವತ್ವದ ಸೋಂಕೂ ಇಲ್ಲದ ಪಾತ್ರ. ಆ ದೃಷ್ಟಿಯಿಂದ ಸ್ಟಾರ್ಮ್‌ಗಿಂತ ಒಂದು ಹೆಜ್ಜೆ ಮುಂದಿನವಳು. 1987ರಲ್ಲಿ ಅವೆಂಜರ್ಸ್ ತಂಡದ ನಾಯಕಿಯಾದಳು. 1988ರ ಹೊತ್ತಿಗೆ ಆ ಸ್ಥಾನವೂ ಹೋಗಿತ್ತು, ಆಕೆಯೂ ಬದಿಗೆ ಸರಿದಿದ್ದಳು.

ಹೀಗೆಂದ ಮಾತ್ರಕ್ಕೆ ಸ್ಟಾರ್ಮ್‌ಗೆ ಎಲ್ಲವೂ ದಕ್ಕಿತೆಂದಲ್ಲ. ತಂಡವನ್ನು ನಡೆಸಿದವಳ ಹೆಸರು ಪುಸ್ತಕದ ನೆತ್ತಿಯ ಮೇಲೆ ಬರಲು 21 ವರ್ಷ ಬೇಕಾಯಿತು. 1996ರಲ್ಲಿ ಬಂದದ್ದೂ ನಾಲ್ಕೇ ಸಂಚಿಕೆಗಳ ಮಾಲೆ. ಅಷ್ಟರೊಳಗೆ ಆಕೆಯ ತಂಡದ ವುಲ್ವರಿನ್‌ಗೆ ಸ್ವಂತ ಪುಸ್ತಕಗಳು ವರ್ಷಗಟ್ಟಲೆ ನಡೆದಿದ್ದವು. ಅವಧಿ ಗೊತ್ತುಮಾಡದ ಸ್ವಂತ ಮಾಲೆ ದೊರೆತದ್ದು 2014ರಲ್ಲಿ. ಅದೂ 11 ಸಂಚಿಕೆಗಳಿಗೆ ನಿಂತಿತು. 2000ದ ಚಲನಚಿತ್ರದಲ್ಲಿ ಹ್ಯಾಲಿ ಬೆರಿ ಈ ಪಾತ್ರ ವಹಿಸಿದ್ದರಿಂದ ಹೆಸರು ಲೋಕಕ್ಕೆಲ್ಲ ಹಬ್ಬಿತು; ಆದರೆ ನಾಯಕತ್ವದ ಕಥೆಯನ್ನು ಅಲ್ಲಿ ಹುಡುಕುವವರು ನಿರಾಶರಾಗುತ್ತಾರೆ.

ಲೇಖನಿಯ ಪ್ರಶ್ನೆ ಇಲ್ಲಿಗೆ ಮರಳಿ ಬರುತ್ತದೆ. ವೀನ್, ಕಾಕ್ರಮ್, ಕ್ಲೇರ್‌ಮಾಂಟ್, ಕ್ಯಾನಿಗರ್, ಹೆಕ್, ಫ್ರೆಡ್ರಿಕ್ ಇವರೆಲ್ಲರೂ ಬಿಳಿಯ ಗಂಡಸರು. 2006ರಲ್ಲಿ ಕಪ್ಪುಜನಾಂಗದ ಕಾದಂಬರಿಕಾರ ಎರಿಕ್ ಜೆರೋಮ್ ಡಿಕಿ ಆಕೆಯ ಕಿಶೋರಾವಸ್ಥೆಯನ್ನು ಆರು ಸಂಚಿಕೆಗಳಲ್ಲಿ ಬರೆದ. ಅದೇ ವರ್ಷ ರೆಜಿನಾಲ್ಡ್ ಹಡ್ಲಿನ್ ಆಕೆಗೆ ಬ್ಲ್ಯಾಕ್ ಪ್ಯಾಂಥರನೊಡನೆ ಮದುವೆ ಮಾಡಿಸಿದ. ಸ್ವಜನಾಂಗದ ಲೇಖಕರ ಕೈಗೆ ಬಂದಾಗ ಆಕೆ ಮೊದಲು ಪ್ರೇಯಸಿಯಾಗಿ, ವಧುವಾಗಿ ಬಂದಳೆಂಬುದನ್ನು ನಾವು ಗುರುತಿಸದೆ ಇರಲಾರೆವು. 2012ರಲ್ಲಿ ಆ ಮದುವೆ ಮುರಿಯಿತು. ನೂಬಿಯಾಳಿಗೆ ತನ್ನದೇ ಮಾಲೆ ದೊರೆತದ್ದು 2021ರಲ್ಲಿ. ಆಗ ಬರೆದವರಲ್ಲಿ ಸ್ಟೆಫನಿ ವಿಲಿಯಮ್ಸ್, ಚಿತ್ರಿಸಿದವರಲ್ಲಿ ಅಲಿಥಾ ಮಾರ್ಟಿನೆಜ್ ಇದ್ದರು, ಇಬ್ಬರೂ ಕಪ್ಪುಜನಾಂಗದ ಸ್ತ್ರೀಯರು. 2024ರಲ್ಲಿ ಆರಂಭವಾದ ಸ್ಟಾರ್ಮ್ ಮಾಲೆಯ ಲೇಖಕ ಮುರೇವಾ ಅಯೊಡೆಲೆ ನೈಜೀರಿಯದವನು.

ಇವೆರಡಕ್ಕೂ ಮುಂಚೆ, 2017ರಲ್ಲಿ, ‘ಬ್ಲ್ಯಾಕ್ ಪ್ಯಾಂಥರ್ ಅಂಡ್ ದಿ ಕ್ರೂ’ ಎಂಬ ಮಾಲೆ ಹೊರಟಿತ್ತು. ಹಾರ್ಲೆಮಿನ ಹಿರಿಯ ಹೋರಾಟಗಾರನೊಬ್ಬ ಪೊಲೀಸರ ವಶದಲ್ಲಿ ಸಾಯುತ್ತಾನೆ. ಅದರ ಹಿಂದಿನ ಸತ್ಯವನ್ನು ಹುಡುಕುವವರಲ್ಲಿ ಸ್ಟಾರ್ಮ್, ಲ್ಯೂಕ್ ಕೇಜ್, ಮಿಸ್ಟಿ ನೈಟ್ ಇದ್ದಾರೆ. 1979ರಲ್ಲಿ ಪಾಳುಮನೆಯಲ್ಲಿ ಸಂಧಿಸಿದ ಮೂವರೂ 38 ವರ್ಷಗಳ ಮೇಲೆ ಅದೇ ಬಡಾವಣೆಯಲ್ಲಿ ಮತ್ತೆ ಕೂಡಿದರು. ಈ ಸಲ ಬರೆದವರು ಟಾ-ನೆಹಿಸಿ ಕೋಟ್ಸ್ ಮತ್ತು ಯೋನಾ ಹಾರ್ವಿ. ಹಾರ್ವಿ ಕಪ್ಪುಜನಾಂಗದ ಕವಯಿತ್ರಿ. ಆಗ ಆಕೆ ಪಾಠ ಹೇಳುತ್ತಿದ್ದುದು, 80 ವರ್ಷಗಳ ಹಿಂದೆ ಓರ್ಮ್ಸಳ ಟಾರ್ಚಿ ಅಚ್ಚಾಗಿದ್ದ ಪಿಟ್ಸ್‌ಬರ್ಗ್ ನಗರದಲ್ಲಿ. ಮಾಲೆ ಆರನೆಯ ಸಂಚಿಕೆಗೆ ನಿಂತಿತು.